ಎಂಜಿನ್ ತಣ್ಣಗಾಗಲಿ ಎನ್ನುವ ಬೇಡಣ್ಣ

ಸೂರ್ಯ ಇನ್ನೂ ಮೂಡಿಲ್ಲ. ತಗಡಿನ ಶೆಡ್ಡಿನ ಮುಂದೆ ನಿಂತ ಹಳೆಯ ಟ್ರ್ಯಾಕ್ಟರಿನ ಬಾನೆಟ್ ಎತ್ತಿ, ಬೇಡಣ್ಣ ಒಳಗೆ ಕೈ ತೂರಿಸುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಎಂಜಿನ್ನಿನ ಮೈಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಕೈ ತೆಗೆದು, ಹೆಗಲ ಮೇಲಿನ ಟವೆಲಿಗೆ ಒರೆಸಿಕೊಳ್ಳುತ್ತಾರೆ.

"ಬಿಸಿ ಇದೆ," ಎನ್ನುತ್ತಾರೆ.

ಅವರ ಹಿಂದೆ ನಿಂತ ಅಕ್ಕತಂಗಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಇಬ್ಬರೂ ತರಕಾರಿ ಬೆಳೆಯುವವರು, ಕತ್ತಲಲ್ಲೇ ಎದ್ದು ಗೂಡ್ಸ್ ಆಟೋದ ಹಿಂದೆ ಖಾಲಿ ಕ್ರೇಟುಗಳ ನಡುವೆ ಕೂತು ಬಂದವರು. ಇದು ಈ ಇಬ್ಬರಿಗಾಗಿ ಬೇಡಣ್ಣ ನೋಡುತ್ತಿರುವ ಮೂರನೆಯ ಟ್ರ್ಯಾಕ್ಟರ್. ಮೊದಲಿನ ಎರಡಕ್ಕೂ ಬೇಡ ಅಂದಾಗಿದೆ. ಶೆಡ್ಡಿನ ಮಾಲೀಕರು, ಮಂಡಿ ನೋವಿನಿಂದ ಕುಂಟುತ್ತಾ ನಡೆಯುವ ಹಿರಿಯರು, ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು, ಬೆಳಿಗ್ಗೆ ಬೇಗ ಎದ್ದು ಗಾಡಿಯನ್ನು ಶೆಡ್ಡಿನಿಂದ ಹೊರಗೆ ತಂದು ತೊಳೆದೆ, ಅದಕ್ಕೇ ಬಿಸಿ, ಎಂದು ವಿವರಿಸುತ್ತಾರೆ. ಮಡ್‌ಗಾರ್ಡಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿದೆ. ಮಾತು ನಿಜವಿರಬಹುದು, ಇಲ್ಲದೆಯೂ ಇರಬಹುದು.

ಹಳೆಯ ಟ್ರ್ಯಾಕ್ಟರ್ ಮಾರುವವರ ಹಳೆಯ ಉಪಾಯವಿದು. ಒಳಗೆ ಸವೆದುಹೋದ ಎಂಜಿನ್ ತಣ್ಣಗಿದ್ದಾಗ ಸುಲಭಕ್ಕೆ ಏಳುವುದಿಲ್ಲ. ಕೆಮ್ಮುತ್ತದೆ, ಹೊಗೆ ಕಾರುತ್ತದೆ, ನಾಲ್ಕು ಜನ ತಳ್ಳುವವರನ್ನು ಬೇಡುತ್ತದೆ. ಕೊಳ್ಳುವವರು ಬರುವ ಮುಂಚೆ ಒಂದಿಷ್ಟು ಹೊತ್ತು ಓಡಿಸಿಟ್ಟರೆ ಅದೇ ಎಂಜಿನ್ ಕೀ ತಿರುಗಿಸಿದ ಕೂಡಲೇ ಹೊಸ ಅಳಿಯನ ಹಾಗೆ ನಗುನಗುತ್ತಾ ಏಳುತ್ತದೆ. ಹಾಗಾಗಿ ಬೇಡಣ್ಣ ಹೇಳದೆ ಕೇಳದೆ, ಕೋಳಿ ಕೂಗುವ ಹೊತ್ತಿಗೆ ಹೋಗಿ ನಿಲ್ಲುತ್ತಾರೆ. ಎಂಜಿನ್ ಬಿಸಿ ಇದ್ದರೆ ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ವಾಪಸು ಹೊರಡುತ್ತಾರೆ. ಇಷ್ಟು ವರ್ಷ ಈ ಕಟ್ಟುಪಾಡು ಮುರಿದದ್ದು ಒಂದೇ ಸಲ, ಆ ಸಂಗತಿ ಮುಂದೆ ಬರುತ್ತದೆ.

ಅವರ ನಿಜವಾದ ಹೆಸರು ಹೇಳಿ ಕೇಳಿದರೆ ಬೀದಿಯಲ್ಲಿ ಮನೆ ಸಿಗುವುದಿಲ್ಲ. ಹತ್ತು ಗಾಡಿ ನೋಡಿದರೆ ಎಂಟಕ್ಕೆ ಬೇಡ ಅನ್ನುವುದರಿಂದ ಬೇಡಣ್ಣ ಎಂಬ ಹೆಸರು ಅಂಟಿಕೊಂಡಿದೆ. ಹರೆಯದಿಂದ ಕೂದಲು ನರೆಯುವವರೆಗೆ ಬೇರೆಯವರ ಟ್ರ್ಯಾಕ್ಟರ್ ಓಡಿಸಿದವರು. ಸೊಂಟ ಕೈಕೊಟ್ಟ ಮೇಲೆ ಸೀಟಿನಿಂದ ಇಳಿದು, ಹಳೆಯ ಟ್ರ್ಯಾಕ್ಟರ್ ಕೊಳ್ಳುವವರ ಜೊತೆ ಹೋಗಿ ಆರಿಸಿಕೊಡುವ ಕೆಲಸ ಹಿಡಿದರು. ಕೈತುಂಬ ಹಣವಿರುವವರು ಸೀದಾ ಶೋರೂಮಿಗೆ ಹೋಗುತ್ತಾರೆ, ಅವರಿಗೆ ಬೇಡಣ್ಣ ಬೇಡ. ಇವರನ್ನು ಹುಡುಕಿಕೊಂಡು ಬರುವವರೆಲ್ಲ ಕೈಬಿಗಿ ಹಿಡಿದು ಬದುಕುವವರು. ಕೂಲಿಯನ್ನು ಗಾಡಿ ನೋಡುವ ಮುಂಚೆಯೇ ಇಸಿದುಕೊಳ್ಳುತ್ತಾರೆ. ಆಮೇಲೆ ಕೊಟ್ಟರೆ, ಬೇಡ ಅಂದ ದಿನ ಕೊಡುವವರ ಕೈ ಹಿಂದೆ ಮುಂದೆ ನೋಡುತ್ತದೆ, ಅದನ್ನು ಕಂಡು ನನ್ನ ಬಾಯಿಯೂ ಹಿಂದೆ ಮುಂದೆ ನೋಡೀತು ಎಂಬುದು ಅವರ ವಾದ.

ಕೊಳ್ಳುವವರು ಬಂದರೆ ಬೇಡಣ್ಣ ಮೊದಲು ನೋಡುವುದು ಅವರ ಹೊಲವನ್ನು. ಈ ಅಕ್ಕತಂಗಿಯರ ಹೊಲಕ್ಕೂ ಹೋಗಿದ್ದರು. ಗೇಟಿನ ಅಗಲಕ್ಕೆ ಎರಡೂ ಕೈ ಚಾಚಿ ನಿಂತರು. ಬಾವಿಯ ಪಕ್ಕದಲ್ಲಿ ಗಾಡಿ ತಿರುಗಲು ಎಷ್ಟು ಜಾಗವಿದೆ ಎಂದು ಹೆಜ್ಜೆ ಹಾಕಿ ನೋಡಿದರು. ಓಡಿಸುವವರು ಯಾರು ಎಂದು ಕೇಳಿದರು. ತಂಗಿ, ಮಾತಿನಲ್ಲಿ ಚುರುಕು, ಆಳಿನಲ್ಲಿ ಗಿಡ್ಡ, ನಾನೇ ಎಂದು ಮುಂದೆ ಬಂದಳು. ಅವಳ ಕಣ್ಣು ಆಗಲೇ ಒಂದು ದೊಡ್ಡ ಟ್ರ್ಯಾಕ್ಟರಿನ ಮೇಲಿತ್ತು. ಹೊಸ ಬಣ್ಣ, ಎತ್ತರದ ಚಕ್ರ, ಬೀದಿಯಲ್ಲಿ ಬಂದರೆ ಜನ ತಿರುಗಿ ನೋಡುವಂಥದ್ದು. ಬೆಲೆಯೂ ಇವರ ಗಂಟಿಗೆ ಹೇಗೋ ಎಟುಕುವಂತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಅಕ್ಕ ಗೊಣಗಿದಾಗ ಬೇಡಣ್ಣ ಅಂದದ್ದು ಬೇರೆ.

"ಹಾಸಿಗೆ ಆಮೇಲೆ ನೋಡೋಣ ಕಣಮ್ಮ. ಮೊದಲು ಕಾಲು ಎಷ್ಟುದ್ದ ಇದೆ ನೋಡೋಣ."

ತಂಗಿಯನ್ನು ಆ ದೊಡ್ಡ ಗಾಡಿಯ ಸೀಟಿನಲ್ಲಿ ಕೂರಿಸಿ, ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿ ಅಂದರು. ಅವಳು ಸೀಟಿನ ತುದಿಗೆ ಜಾರಿ, ಸ್ಟೀರಿಂಗಿಗೆ ಜೋತುಬಿದ್ದು ಒತ್ತಿದಳು. ಸ್ವಲ್ಪ ಹೊತ್ತಿಗೇ ತೊಡೆ ನಡುಗತೊಡಗಿತು. ಇಡೀ ದಿನ ಸಾಲು ಸಾಲಿಗೂ ಇದನ್ನೇ ಮಾಡಬೇಕಲ್ಲ ಎಂದು ಬೇಡಣ್ಣ ಮೆಲ್ಲಗೆ ಕೇಳಿದರು. ಅದು ಗೇಟಿನಲ್ಲೂ ತೂರುವಂತಿರಲಿಲ್ಲ. ತಂಗಿ ಅವತ್ತು ಅವರ ಜೊತೆ ಮಾತು ಬಿಟ್ಟಳು. ಎರಡನೆಯ ಗಾಡಿಯ ರೇಡಿಯೇಟರಿನ ನೀರಿನಲ್ಲಿ ಎಣ್ಣೆ ತೇಲುತ್ತಿತ್ತು, ಅಂದರೆ ಎಂಜಿನ್ ಒಳಗೆಲ್ಲೋ ಸೋರಿಕೆ, ಅದಕ್ಕೂ ಬೇಡ ಎಂದ ದಿನ ಅಕ್ಕನೂ ಮುಖ ಸಣ್ಣದು ಮಾಡಿಕೊಂಡಳು.

ಅವರ ಅವಸರ ಸುಮ್ಮನೆ ಬಂದದ್ದಲ್ಲ. ಅವರ ಹೊಲ ಉಳುವ ಬಾಡಿಗೆ ಟ್ರ್ಯಾಕ್ಟರಿನವನು ದೊಡ್ಡ ಹೊಲಗಳನ್ನೆಲ್ಲ ಮುಗಿಸಿ ಕೊನೆಗೆ ಇವರ ಕಡೆ ಬರುತ್ತಾನೆ. ಅಷ್ಟರಲ್ಲಿ ಮಡಿಯಲ್ಲಿದ್ದ ಸಸಿ ಬಲಿತು, ನೆಟ್ಟರೂ ಏಳುವುದಿಲ್ಲ. ಹೋದ ಸಲ ಹಾಗೇ ಆಯಿತು, ಈ ಸಲದ ಸಸಿಯೂ ನಾಟಿಗೆ ಬಂದಿದೆ. ಹಾಗೆಂದು ಕಣ್ಣು ಮುಚ್ಚಿ ಕೊಳ್ಳುವಂತೆಯೂ ಇಲ್ಲ. ಈ ಗಂಟನ್ನು ಒಂದೇ ಸಲ ಬಿಚ್ಚೋದು, ಕೆಟ್ಟ ಗಾಡಿ ಸಿಕ್ಕಿದರೆ ಮತ್ತೆ ಗುದ್ದಲಿಯೇ ಗತಿ, ಎಂದು ಅಕ್ಕ ಮೊದಲ ದಿನವೇ ಹೇಳಿಬಿಟ್ಟಿದ್ದಾಳೆ.

ಹೀಗಿರುವಾಗ ಇವತ್ತಿನ ಗಾಡಿ. ಗಾತ್ರ ಸರಿಯಾಗಿದೆ, ಗೇಟಿನಲ್ಲಿ ತೂರುತ್ತದೆ, ತಂಗಿಯ ಕಾಲಿಗೆ ಕ್ಲಚ್ಚು ಸಿಗುತ್ತದೆ. ನೋಡಲು ಮಾತ್ರ ಚೆನ್ನಿಲ್ಲ. ಬಣ್ಣ ಎದ್ದಿದೆ, ಒಂದು ಮಡ್‌ಗಾರ್ಡ್ ನೆಗ್ಗಿದೆ, ಸೀಟಿಗೆ ಗೋಣಿಚೀಲದ ತೇಪೆ. ಬೇಡಣ್ಣನಿಗೆ ಇಂಥವೇ ಇಷ್ಟ, ಮೇಕಪ್ಪಿಗೆ ದುಡ್ಡು ಹಾಕಿಲ್ಲವಲ್ಲ ಎನ್ನುತ್ತಾರೆ. ಆದರೆ ಎಂಜಿನ್ ಬಿಸಿ.

"ಈಗ ಇದಕ್ಕೂ ಬೇಡ ಅಂತೀರಾ ಅಣ್ಣ?" ತಂಗಿ ಕೇಳುತ್ತಾಳೆ. "ಬೇಡ ಅನ್ನೋಕೆ ನಿಮಗೇನು, ಸಸಿ ನಮ್ಮದು."

ಬೇಡಣ್ಣ ಶೆಡ್ಡಿನ ಕಂಬಕ್ಕೆ ಒರಗಿ ನಿಲ್ಲುತ್ತಾರೆ. ಆ ಮಾತು ಅವರಿಗೆ ನಾಟಿದೆ. ಬೇಡ ಅಂದ ಎಷ್ಟೋ ಗಾಡಿಗಳು ಬೇರೆಯವರ ಕೈ ಸೇರಿ ಚೆನ್ನಾಗಿಯೇ ಓಡುತ್ತಿವೆ. ಒಂದಂತೂ ದಿನಾ ಅವರ ಮನೆ ಮುಂದೆಯೇ ಹೋಗುತ್ತದೆ, ಬೇಕೆಂದೇ ಹಾರನ್ ಹೊಡೆದುಕೊಂಡು. ಹೌದು ಅಂದದ್ದು ಕೆಟ್ಟರೆ ಶಾಪ, ಬೇಡ ಅಂದು ಉಳಿಸಿದ್ದಕ್ಕೆ ಸಾಕ್ಷಿಯೇ ಇಲ್ಲ. "ಆಗದೇ ಇರೋ ನಷ್ಟ ಯಾರ ಕಣ್ಣಿಗೆ ಕಾಣುತ್ತೆ ಹೇಳಿ?" ಎಂದು ಅವರೇ ಕೇಳುತ್ತಾರೆ.

ಕಟ್ಟುಪಾಡು ಮುರಿದ ಆ ಒಂದು ಸಲ ಅವರು ಹೌದು ಅಂದದ್ದು ಸ್ವಂತ ಬಾಮೈದನಿಗೆ. ಹೆಂಡತಿಯ ಒಬ್ಬನೇ ತಮ್ಮ, ಬಾವ ಹಾಕಿದ ಗೆರೆ ದಾಟದವನು. ಅವತ್ತು ಇವರು ಹೋದದ್ದು ಮಧ್ಯಾಹ್ನ. ಎಂಜಿನ್ ಬಿಸಿ ಇತ್ತು, ಈಗ ತಾನೇ ಹೊಲದಿಂದ ಬಂತು ಎಂದು ಮಾರುವವನು ಹೇಳಿದ, ಇವರು ನಂಬಿದರು. ಮನೆಯವನದ್ದೇ ಕೆಲಸ ಎಂಬ ಸಲಿಗೆ ಬೇರೆ. ಐದು ನಿಮಿಷದಲ್ಲಿ ತಗೋ ಅಂದುಬಿಟ್ಟರು. ಮಾರನೆಯ ಬೆಳಿಗ್ಗೆಯಿಂದಲೇ ಆ ಗಾಡಿ ತಳ್ಳದೆ ಏಳಲಿಲ್ಲ. ಬಾಮೈದ ಒಂದು ಬೆಳೆಯ ಕಾಲವಿಡೀ ಅಕ್ಕಪಕ್ಕದವರನ್ನು ಕರೆದು ತಳ್ಳಿಸಿ, ಕೊನೆಗೆ ಸಿಕ್ಕಿದ ಬೆಲೆಗೆ ಮಾರಿದ. ಜಗಳವಾಡಲಿಲ್ಲ, ಬೈಯಲಿಲ್ಲ. ಅಕ್ಕನ ಮನೆಗೆ ಬರುವುದನ್ನು ನಿಲ್ಲಿಸಿದ.

"ಊರವರ ಗಾಡಿನ ಮುಟ್ಟಿ, ಮೂಸಿ, ಅರ್ಧ ದಿನ ನೋಡ್ತಾರೆ," ಎನ್ನುತ್ತಾರೆ ಬೇಡಣ್ಣನ ಹೆಂಡತಿ, ಪಾತ್ರೆ ಉಜ್ಜುವುದನ್ನು ನಿಲ್ಲಿಸದೆ. "ನನ್ನ ತಮ್ಮಂದು ನೋಡೋಕೆ ಟೈಮಿರಲಿಲ್ಲ."

ಬಿಸಿ ಎಂಜಿನ್ ಮುಟ್ಟಿದಾಗಲೆಲ್ಲ ಬೇಡಣ್ಣನಿಗೆ ಬಾಮೈದನ ಮುಖ ನೆನಪಾಗುತ್ತದೆ. ಹೀಗೆ ನೆನಪಾದಾಗ ಬೇಡ ಎಂದು ಎದ್ದು ಬರುವುದು ಸುಲಭ. ಇವತ್ತು ಹಾಗೆ ಎದ್ದು ಬರಲು ಅವರಿಂದ ಆಗುತ್ತಿಲ್ಲ. ಕಂಬ ಬಿಟ್ಟು ಮುಂದೆ ಬಂದು, ಮಾಲೀಕರಿಗೆ ಒಂದು ಕೋರಿಕೆ ಇಡುತ್ತಾರೆ. ಈಗ ಒಮ್ಮೆ ಗಾಡಿ ಶುರು ಮಾಡಿ, ಗಾಡಿಯ ಹಿಂದೆ ಕಟ್ಟಿದ ನೇಗಿಲನ್ನು ಮೇಲೆತ್ತಿ, ಆಫ್ ಮಾಡೋಣ. ಆಮೇಲೆ ಕೀ ತಂಗಿಯ ಕೈಯಲ್ಲಿರಲಿ.

"ಎಂಜಿನ್ ತಣ್ಣಗಾಗಲಿ. ಅಲ್ಲಿವರೆಗೆ ನಾವಿಲ್ಲೇ ಕೂತಿರ್ತೀವಿ."

ಮಾಲೀಕರು ಒಂದು ಕ್ಷಣ ನೋಡುತ್ತಾರೆ. ಸಿಟ್ಟಾಗುತ್ತಾರೇನೋ ಎಂದು ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಾಳೆ. ಅವರು ಒಳಗೆ ಹೋಗಿ ಒಂದು ಚಾಪೆ ತಂದು ಹಾಸುತ್ತಾರೆ. ಎತ್ತಿ ನಿಲ್ಲಿಸಿದ ನೇಗಿಲಿನ ಕೆಳಗೆ ಬೇಡಣ್ಣ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನ ಇಟ್ಟಿಗೆಗೂ ನೇಗಿಲಿಗೂ ನಡುವೆ ಬೆರಳಗಲ ಸಂದು ಬಿಡುತ್ತಾರೆ. ನೇಗಿಲು ಎತ್ತುವ ಯಂತ್ರದ ಎಣ್ಣೆ ಒಳಗೊಳಗೇ ಸೋರುತ್ತಿದ್ದರೆ ನೇಗಿಲು ತಾನೇ ಇಳಿದು ಇಟ್ಟಿಗೆಯ ಮೇಲೆ ಕೂರುತ್ತದೆ.

ಬಿಸಿಲು ಏರುತ್ತದೆ. ಹೊತ್ತಾಗುತ್ತಾ ಆಗುತ್ತಾ ಕೂತವರ ಮುಖದ ಬಿಗಿ ಸಡಿಲವಾಗುತ್ತದೆ. ಅಕ್ಕ ಬುತ್ತಿ ಬಿಚ್ಚಿ ಮಾಲೀಕರಿಗೂ ಹಂಚುತ್ತಾಳೆ. ಮಂಡಿ ನೋವಿನಿಂದ ಹೊಲ ಉಳುವುದು ನಿಂತಮೇಲೂ, ದಿನಾ ಗಾಡಿಯ ಮೈ ಒರೆಸುವ ಅಭ್ಯಾಸ ಬಿಟ್ಟಿಲ್ಲ ಎಂದು ಅವರು ಹೇಳಿಕೊಳ್ಳುತ್ತಾರೆ. ಮಾರಲು ಇಟ್ಟ ಮೇಲೆ ಯಾರು ಯಾವಾಗ ನೋಡಲು ಬರುತ್ತಾರೋ, ಗಾಡಿ ಕೊಳಕಾಗಿ ನಿಲ್ಲಬಾರದು ಎಂದು ಬೆಳಿಗ್ಗೆ ತೊಳೆದದ್ದಂತೆ. ಬೇಡಣ್ಣ ಎಲ್ಲಕ್ಕೂ ಹೂಂಗುಟ್ಟುತ್ತಾರೆ. ಮಾತು ಕರಗಿಸುವಂಥದ್ದೇ, ಆದರೆ ಕರಗಿದ್ದಕ್ಕೇ ಒಮ್ಮೆ ಮೋಸ ಹೋದವರು. ಆಗಾಗ ಎದ್ದು ಹೋಗಿ ಎಂಜಿನ್ ಮುಟ್ಟಿ ಬರುತ್ತಾರೆ. ಪ್ರತಿ ಸಲವೂ ತಂಗಿ ಕತ್ತೆತ್ತಿ ನೋಡುತ್ತಾಳೆ, ಅವರು ಇನ್ನೂ ಇಲ್ಲ ಎಂದು ತಲೆಯಾಡಿಸುತ್ತಾರೆ.

ಶೆಡ್ಡಿನ ನೆರಳು ಮಗ್ಗುಲು ಬದಲಿಸಿದ ಮೇಲೆ, ಒಮ್ಮೆ ಮುಟ್ಟಿದವರು ಕೈ ತೆಗೆಯದೆ ನಿಲ್ಲುತ್ತಾರೆ. ಆಮೇಲೆ ಬಗ್ಗಿ ಇಟ್ಟಿಗೆ ನೋಡುತ್ತಾರೆ. ಸಂದಿನಲ್ಲಿ ಬೆರಳು ಈಗಲೂ ಆಡುತ್ತದೆ.

"ಬಾರಮ್ಮ," ಎಂದು ತಂಗಿಯನ್ನು ಕರೆಯುತ್ತಾರೆ. "ನಾನು ಮುಟ್ಟಲ್ಲ. ನೀನೇ ಎಬ್ಬಿಸು."

ತಂಗಿ ಗೋಣಿ ತೇಪೆಯ ಸೀಟಿನಲ್ಲಿ ಕೂತು ಕೀ ತಿರುಗಿಸುತ್ತಾಳೆ. ಎಂಜಿನ್ ಒಮ್ಮೆ ನರಳುತ್ತದೆ, ಏಳುವುದಿಲ್ಲ. ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಆ ಗಾಡಿ ಎದ್ದೇಳಲಿ ಎಂದು ಬೇಡಣ್ಣ ಈಗ ಮನಸಾರೆ ಬಯಸುತ್ತಿದ್ದಾರೆ. ಇನ್ನೊಮ್ಮೆ, ಎಂದು ಕೈಸನ್ನೆ ಮಾಡುತ್ತಾರೆ. ಎರಡನೆಯ ಸಲಕ್ಕೆ ಎಂಜಿನ್ ಗುಡುಗಿ ಎದ್ದು ನಿಲ್ಲುತ್ತದೆ. ತುಸು ಬಿಳಿ ಹೊಗೆ ಬಂದು, ತಿಳಿಯಾಗಿ, ಆಮೇಲೆ ಕಾಣುವುದೇ ಇಲ್ಲ. ಬೇಡಣ್ಣ ತಲೆ ವಾಲಿಸಿ ಬಹಳ ಹೊತ್ತು ಸದ್ದು ಕೇಳುತ್ತಾರೆ.

"ತಗೊಳ್ಳಿ," ಎನ್ನುತ್ತಾರೆ.

ಅಕ್ಕತಂಗಿಯರಿಗೆ ಅದು ಅರ್ಥವಾಗಲು ಒಂದು ಗಳಿಗೆ ಬೇಕಾಗುತ್ತದೆ. ಬೇಡಣ್ಣನ ಬಾಯಲ್ಲಿ ಆ ಮಾತು ಕೇಳಿದವರು ಕಡಿಮೆ.

ನಾಟಿ ಮುಗಿದಿದೆ. ಸಸಿಗಳು ಬೇರು ಹಿಡಿದಿವೆ. ಬೆಳಿಗ್ಗೆ ವಾಕಿಂಗ್ ಎಂದು ಹೆಂಡತಿಗೆ ಹೇಳಿ ಬೇಡಣ್ಣ ಆಗಾಗ ಆ ಹೊಲದ ಕಡೆ ಹೋಗುತ್ತಾರೆ. ಒಳಗೆ ಹೋಗುವುದಿಲ್ಲ, ಗೇಟಿನ ಆಚೆ ನಿಂತು, ತಂಗಿ ಗಾಡಿ ಎಬ್ಬಿಸುವ ಸದ್ದು ಕೇಳಿ ವಾಪಸು ಬರುತ್ತಾರೆ. ಹೌದು ಅಂದ ಪ್ರತಿ ಗಾಡಿಗೂ ಹೀಗೇ, ಎಷ್ಟೋ ದಿನ ನಿದ್ದೆ ಹತ್ತುವುದಿಲ್ಲ. ಒಂದು ಬೆಳಿಗ್ಗೆ ತಂಗಿ ನೋಡಿಬಿಟ್ಟಳಂತೆ. ಹಾರನ್ ಹೊಡೆದಳು ಎಂದು ಹೇಳುವಾಗ ಬೇಡಣ್ಣನ ಮುಖದಲ್ಲಿ ಸಣ್ಣ ನಗು.

ಈಚೆಗೆ ಮನೆಗೆ ಒಂದು ಸುದ್ದಿ ಬಂದಿದೆ, ಹೆಂಡತಿಯ ಕಡೆಯಿಂದ. ಬಾಮೈದ ಮತ್ತೆ ಒಂದು ಹಳೆಯ ಟ್ರ್ಯಾಕ್ಟರ್ ಹುಡುಕುತ್ತಿದ್ದಾನೆ. ಯಾರನ್ನು ಕರೆದುಕೊಂಡು ಹೋಗುತ್ತಾನೋ ತಿಳಿಯದು. ಬಾಗಿಲ ಮೆಟ್ಟಿಲ ಮೇಲೆ ಕೂತ ಬೇಡಣ್ಣ, ಬದುಕಿನಲ್ಲಿ ಇನ್ನೇನು ಆಸೆ ಎಂದು ಕೇಳಿದರೆ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ. ಒಳಗೆ ಪಾತ್ರೆಯ ಸದ್ದು ನಿಂತಿದೆ.

"ಒಂದ್ಸಲ ಅವನು ನನ್ನ ಕರೀಬೇಕು, ಅಷ್ಟೇ. ಕೂಲಿ ಕೇಳಲ್ಲ. ನೋಡೋದು ನಾಳೆ ಅಂತ ಹೇಳಿ ಕಳಿಸಿದ್ರೆ ಸಾಕು, ಬೆಳಕು ಹರಿಯೋಕೆ ಮುಂಚೆ ಹೋಗಿ ಆ ಎಂಜಿನ್ ಪಕ್ಕ ಕೂತಿರ್ತೀನಿ."