ಚಂದಮ್ಮನ ಖಾಲಿ ಸಾಲುಗಳು

ಮಾಯಾಳಂಥ ಹಟಮಾರಿಯನ್ನು ನಾನು ನೋಡಿಲ್ಲ. ವಿಮಾನ ನಗರದ ನಮ್ಮ ಆಫೀಸಿನಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋದರೆ ಇವಳು ಕಂಪ್ಯೂಟರಿನ ಎದುರಿಗೇ ರೊಟ್ಟಿ ಮುರಿಯುವವಳು. ಕೀಬೋರ್ಡಿನ ತುಂಬ ಶೇಂಗಾ ಹಿಂಡಿ! "ಏ ಹುಡುಗಿ, ಅದಕ್ಕೂ ಉಣಸ್ತೀಯೇನ?" ಎಂದು ಬೈದರೆ, "ಅದೂ ನಮ್ಮ ಸಂಗಡ ದುಡೀತದಲ್ರಿ ಅಕ್ಕಾ" ಎನ್ನುತ್ತಿದ್ದಳು.

ಯಾದಗಿರಿ ಕಡೆಯಿಂದ ಈ ಮರಾಠಿ ಊರಿಗೆ ದುಡಿಯಲು ಬಂದ ಅವಳ ಅವ್ವ ಚಂದಮ್ಮ, ಕಟ್ಟಡಗಳಲ್ಲಿ ಸಿಮೆಂಟು ಹೊತ್ತು, ಧನಕವಡಿಯ ಒಂದು ಕೋಣೆಯಲ್ಲಿ ಮಗಳನ್ನು ಸಾಕಿ ಎಂ.ಎಸ್ಸಿ. ಓದಿಸಿದವಳು. ಕಟ್ಟಡ ಕಾರ್ಮಿಕರ ಉಸಿರಾಟದ ಬಗ್ಗೆ ನಮ್ಮ ಅಧ್ಯಯನ ಶುರುವಾದಾಗ ಮಾಯಾ ಅವ್ವನನ್ನೂ ಸೇರಿಸಿದಳು. ಚಂದಮ್ಮ ತಿಂಗಳಿಗೊಮ್ಮೆ ಬಂದು ಯಂತ್ರದ ಕೊಳವೆಗೆ ಊದಿ, ಕೆಮ್ಮುತ್ತಲೇ, "ಸಾಕಾತೇನವ್ವಾ, ಇನ್ನೊಮ್ಮಿ ಊದ್ಲಿ?" ಎಂದು ಕೇಳುವಳು. ವರ್ಷ ತುಂಬುವ ಮೊದಲೇ ತೀರಿಕೊಂಡಳು.

ನಮ್ಮ ಕೆಲಸವೆಲ್ಲ ‘ಆರ್’ ಎಂಬ ಅಂಕಿಅಂಶದ ಕಂಪ್ಯೂಟರ್ ಭಾಷೆಯಲ್ಲಿ. ಒಬ್ಬೊಬ್ಬ ಕಾರ್ಮಿಕರದೂ ಒಂದೊಂದು ಮ್ಯಾಟ್ರಿಕ್ಸ್, ಅಂದರೆ ಅಂಕಿಗಳ ಚೌಕ, ತಿಂಗಳಿಗೊಂದು ಸಾಲು. ಚೌಕಗಳಿಗೆಲ್ಲ ಹೆಸರು ಹಚ್ಚಿ ಒಂದೇ ಲಿಸ್ಟಿನಲ್ಲಿಟ್ಟು, ಕೂಡಿಸಿ, ಸರಾಸರಿ ತೆಗೆಯುತ್ತೇವೆ. ಅಳತೆ ಹೊಂದದ ಚೌಕವೊಂದು ಸಿಕ್ಕಿದರೂ ಆರ್ ಕೂಡಿಸಲು ಒಪ್ಪುವುದಿಲ್ಲ. ಅದಕ್ಕೇ ಮಾಯಾ ಶುರುವಿನಲ್ಲೇ ಆಜ್ಞೆ ಬರೆದಿಟ್ಟಿದ್ದಳು: ವರ್ಷ ತುಂಬದ ಚೌಕಗಳನ್ನು ತೆಗೆದುಹಾಕು. ಎಲ್ಲರೂ ಹಾಗೆಯೇ ಬರೆಯುತ್ತಾರೆ.

ಅವ್ವನ ದಿನ ಮುಗಿಸಿ ಕೆಲಸಕ್ಕೆ ಬಂದವಳು, ವರ್ಷ ತುಂಬಿ ಲೆಕ್ಕ ಮುಗಿದ ಮೇಲೆ ಅವಳ ಅಂಕಿಗಳನ್ನೊಮ್ಮೆ ನೋಡಬೇಕೆಂದು ಲಿಸ್ಟಿನಲ್ಲಿ ಚಂದಮ್ಮನ ಹೆಸರು ಕೇಳಿದಳು. ‘ನಲ್’ ಎಂದು ಬಂತು. ಅಂಥದ್ದೇನೂ ಇಲ್ಲ ಎಂದು ಅರ್ಥ.

ಮಾಯಾ ಅಳಲಿಲ್ಲ, ಪರದೆಯ ಮೇಲಿನ ಉಸಿರಿನ ಸರಾಸರಿಯ ಗೆರೆಯನ್ನು ದಿಟ್ಟಿಸಿದಳು. ವರ್ಷವಿಡೀ ಅದು ಇಳಿದೇ ಇರಲಿಲ್ಲ. ಧೂಳಿನಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ ಎಂದು ವರದಿಯ ಕರಡಿನಲ್ಲಿ ಬರೆದೂ ಆಗಿತ್ತು.

"ಹಾನಿ ಹ್ಯಾಂಗ ಕಾಣಬೇಕ್ರಿ ಅಕ್ಕಾ?" ಎಂದಳು. "ಸತ್ತವರನ್ನೆಲ್ಲ ನಾನ ಹೊರಗ ಹಾಕೀನಿ."

ನಮ್ಮ ಮುಖ್ಯಸ್ಥ ಅಮೇಯ ಒಳ್ಳೆಯ ಮನುಷ್ಯ. ಸತ್ತವರನ್ನು ವಾಪಸು ಸೇರಿಸಿ, ಅವರ ಉಳಿದ ತಿಂಗಳುಗಳ ಸಾಲುಗಳನ್ನು ಖಾಲಿ ಬಿಡು ಎಂದರು. ಖಾಲಿ ಸಾಲು ಸರಾಸರಿಗೆ ಬರುವುದಿಲ್ಲ, ಮತ್ತೆ ಬದುಕಿದವರ ಲೆಕ್ಕವೇ ಆಗುತ್ತದೆ ಎಂದು ಮಾಯಾ ಜಗಳಕ್ಕೇ ನಿಂತಳು. ಸತ್ತವರ ಉಸಿರು ಸೊನ್ನೆಯೇ ತಾನೇ, ಸೊನ್ನೆ ಹಾಕೋಣ ಎಂದು ಮರಾಠಿಯಲ್ಲಿ ವಾದಿಸಿದಳು. ಅಮೇಯ, ಸರಿ, ಹಾಗೆ ಮಾಡಿದ್ದೇವೆಂದು ವರದಿಯಲ್ಲಿ ಬಿಚ್ಚಿ ಬರೆಯೋಣ ಎಂದು ಒಪ್ಪಿದರು.

ಒಂದೇ ಆಜ್ಞೆಯಲ್ಲಿ ಎಲ್ಲರಿಗೂ ಸೊನ್ನೆ ತುಂಬಬಹುದಿತ್ತು. ಹುಚ್ಚು ಹುಡುಗಿ, ಒಬ್ಬೊಬ್ಬರ ಹೆಸರು ಬಾಯಲ್ಲಿ ಹೇಳಿ ಹೇಳಿ ಕೈಯಿಂದಲೇ ತುಂಬಿದಳು. ಕೊನೆಗೆ ಅವ್ವನ ಚೌಕ ಬಂತು. ಬೆರಳು ನಿಂತುಬಿಟ್ಟಿತು.

"ಏನಾತು?" ಎಂದೆ.

"ನನ್ನ ಕೈಲೆ ಆಗೂದಿಲ್ರಿ ಅಕ್ಕಾ. ಮುಂದಿನ ತಿಂಗಳ ಬಂದು ಊದ್ತಾಳಂತ ಇನ್ನೂ ಅನಸ್ತದ."

ಕುರ್ಚಿ ಎಳೆದುಕೊಂಡು ಕುಳಿತು, ಚಂದಮ್ಮನ ಉಳಿದ ಸಾಲುಗಳಿಗೆಲ್ಲ ನಾನೇ ಸೊನ್ನೆ ಒತ್ತಿದೆ. ಸರಾಸರಿಯ ಗೆರೆ ಕೆಳಗಿಳಿಯಿತು. ಅದು ಇಳಿಯಲೆಂದೇ ಅಷ್ಟೆಲ್ಲ ಜಗಳ ತೆಗೆದ ಮಾಯಾ, ಮೇಜಿಗೆ ಹಣೆ ಹಚ್ಚಿ ಗಟ್ಟಿಯಾಗಿ ಅತ್ತಳು.