ನೀರು ಕೇಳಿದನೋ ಇಲ್ಲವೋ

ನನ್ನ ಮೈದುನ ಇಟ್ಟಿಗಿ ಊರಿನ ತನ್ನ ಹೊಲದಲ್ಲಿ ತೀರಿಕೊಂಡ. ತೀರಿಕೊಂಡ ಎಂದು ಬರೆಯಲು ಕೈ ಒಪ್ಪುತ್ತದೆ, ಕೊಂದರು ಎಂದು ಬರೆಯಲು ಈಗಲೂ ತಡೆಯುತ್ತದೆ. ಬದುವಿನ ಜಗಳ. ಪಕ್ಕದ ಹೊಲದವನು, ನಮ್ಮ ಮನೆಯ ಮದುವೆಯಲ್ಲಿ ಸಾರು ಬಡಿಸಿದ್ದವನೇ, ಸಿಟ್ಟಿನಲ್ಲಿ ಸಲಿಕೆ ಬೀಸಿದ. ಆಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಸುದ್ದಿ ತಿಳಿದು ಹೆಂಡತಿ ಓಡಿ ಹೋಗುವಷ್ಟರಲ್ಲಿ ಜೀವ ಹೋಗಿತ್ತು.

ಆಮೇಲೆ ನನ್ನ ನೆಗೆಣ್ಣಿ, ಅಂದರೆ ಆ ಮೈದುನನ ಹೆಂಡತಿ, ತನ್ನ ಸಣ್ಣ ಮಗಳನ್ನೂ ನಮ್ಮ ಅತ್ತೆಯನ್ನೂ ಕರೆದುಕೊಂಡು ಕೊಟ್ಟೂರಿಗೆ ನಮ್ಮ ಮನೆಗೇ ಬಂದಳು. ತೊಂಬತ್ತರ ದಶಕದ ಕೊನೆಯ ಮಾತಿದು. ಎಲ್ಲರೂ ಮಲಗಿದರೂ ಒಬ್ಬರ ಕಾಲು ಇನ್ನೊಬ್ಬರಿಗೆ ತಾಗದಷ್ಟು ಜಾಗ ಸ್ವಾಮಿ ನಮಗೆ ಕೊಟ್ಟಿದ್ದ. ಅದನ್ನೂ ನಾನು ಉಪಕಾರ ಎಂದೇ ಹಿಡಿಯುತ್ತೇನೆ.

ಸಾವಾದ ಮನೆಗೆ ಮಾತಾಡಿಸಾಕ ಬರುವುದು ನಮ್ಮ ಕಡೆಯ ರೀತಿ. ಬಂದವರೆಲ್ಲ ಒಳ್ಳೆಯವರೇ. ಆದರೆ ಚಾಪೆಯ ಮೇಲೆ ಕೂತ ಕೂಡಲೇ ಹೆಂಗಾತು ಎಂದು ಕೇಳುವರು. ನೆಗೆಣ್ಣಿ ಮೊದಲಿನಿಂದ ಹೇಳಬೇಕು. ಅವಳು ಹೇಳಿ ಮುಗಿಸುವುದರೊಳಗೆ ಕೂಡ್ಲಿಗಿ ಬಸ್ಸಿಗೆ ಬಂದ ಇನ್ನೊಂದು ಗುಂಪು ಬಾಗಿಲಲ್ಲಿ ನಿಂತಿರುತ್ತಿತ್ತು. ಹರಪನಹಳ್ಳಿಯ ದೂರದ ಸಂಬಂಧಿಯೊಬ್ಬಳು ಏಟು ಎಲ್ಲಿಗೆ ಬಿತ್ತು ಎಂದು ತನ್ನ ತಲೆಯನ್ನೇ ಮುಟ್ಟಿ ಮುಟ್ಟಿ ಕೇಳಿದಳು.

ಏನೂ ಕೇಳದೆ ಇದ್ದವಳು ಒಬ್ಬಳೇ. ನಾವೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಎದುರು ಮನೆಯ ಲಾರಿ ಮೆಕ್ಯಾನಿಕ್‌ನ ಹೆಂಡತಿ. ಬಂದವಳೇ ನಮ್ಮ ಕೊಡ ಎತ್ತಿಕೊಂಡು ನಳದ ಪಾಳಿಗೆ ಹೋಗಿ ನಿಂತಳು. ಮಗುವಿನ ಶಾಲೆಯ ಬಟ್ಟೆ ಒಗೆದು ಹಾಕಿದಳು. ಬಳ್ಳಾರಿ ಕೋರ್ಟಿಗೆ ಹೋಗುವ ದಿನ ಬಂದರೆ ಬುರ್ಖಾ ಹಾಕಿಕೊಂಡು ನಮಗಿಂತ ಮುಂಚೆ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಿದ್ದಳು. ಒಮ್ಮೆ ನಾನೇ, ನೀ ಮಾತ್ರ ಯಾಕ ಏನೂ ಕೇಳಲಿಲ್ಲ ಎಂದೆ.

"ಹೇಳಬೇಕು ಅನ್ನಿಸಿದಾಗ ಆಕಿನ ಹೇಳ್ತಾಳ ಅಮ್ಮಾ. ಅಲ್ಲೀತನಕ ಕಿಟಕಿ ಸೀಟು ಕೊಟ್ಟರ ಸಾಕು" ಅಂದಳು.

ಹಾಗೇ ಆಯಿತು. ಒಂದು ದಿನ ಬಸ್ಸು ಕೂಡ್ಲಿಗಿ ದಾಟಿದ ಮೇಲೆ, ಯಾರೂ ಕೇಳದೆ, ನೆಗೆಣ್ಣಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಆಪಾಗೆ ಹೇಳಿದಳು. "ಆಪಾ, ಅವ್ರು ನೀರು ಕೇಳಿದ್ರೋ ಇಲ್ಲೋ. ಯಾರರ ಕೊಟ್ರೋ ಇಲ್ಲೋ. ನನಗ ಅದೊಂದು ತಿಳೀಲಿಲ್ಲ."

ಹೋಗುವ ಜೀವದ ಬಾಯಿಗೆ ನೀರು ಬಿಡುವುದು ನಮ್ಮಲ್ಲೂ ಇದೆ, ಆಪಾನವರಲ್ಲೂ ಇದೆ. ನೆಗೆಣ್ಣಿ ಕುಡಿಯಲು ಚೊಂಬು ಎತ್ತಿದರೆ ಅರ್ಧಕ್ಕೇ ಇಳಿಸಿಬಿಡುವುದು ಏತಕ್ಕೆಂದು ನನಗೆ ಅವತ್ತು ತಿಳಿಯಿತು. ನೀರು ಕೇಳಿದನೋ ಇಲ್ಲವೋ ಎಂಬುದನ್ನು ಬಲ್ಲವನು ಭೂಮಿಯ ಮೇಲೆ ಒಬ್ಬನೇ, ಕೊಂದವನು. ಅವನೋ ಕೋರ್ಟಿನಲ್ಲಿ, ಆ ಹೊತ್ತಿಗೆ ನಾನು ಹೊಲದಲ್ಲೇ ಇರಲಿಲ್ಲ ಎಂದು ಗಿಳಿಯ ಹಾಗೆ ಹೇಳುತ್ತಿದ್ದ.

ಮನೆಯಲ್ಲಿ ಅತ್ತೆಯದು ಒಂದೇ ಮಾತು. ಅವನನ್ನು ಗಲ್ಲಿಗೆ ಹಾಕಿದ ದಿನ ಓಣಿಗೆಲ್ಲ ಹೋಳಿಗೆ ಹಂಚುತ್ತೇನೆ ಎನ್ನುತ್ತಿದ್ದಳು. ಹೆತ್ತ ಹೊಟ್ಟೆ, ಯಾರು ಏನು ಅಂದಾರು? ಇಂಥ ಕೇಸಿಗೆ ಗಲ್ಲು ಆಗುವುದು ಅಪರೂಪ, ಆದರೂ ಮನೆಯವರೆಲ್ಲ ಹೇಳಿದರೆ ಕೇಳಿ ನೋಡೋಣ ಎಂದರು ಸರ್ಕಾರಿ ವಕೀಲರು. ನಮ್ಮ ಯಜಮಾನರು ತಲೆಯಾಡಿಸಿದರು. ಆಗ, ಗಂಡಸರ ಎದುರಿಗೆ ಸೆರಗು ಸರಿಸಿ ಮಾತಾಡದ ನನ್ನ ನೆಗೆಣ್ಣಿ ಬಾಯಿ ಬಿಟ್ಟಳು.

"ಬ್ಯಾಡ್ರಿ ಸಾಹೇಬ್ರ. ಕುತ್ತಿಗಿಗೆ ಹಗ್ಗ ತೋರಿಸಿಕೋಂತ ಖರೇ ಹೇಳು ಅಂದ್ರ ಅವ ಹೆಂಗ ಹೇಳ್ಯಾನು? ಜೈಲಿನಾಗ ಇರಲಿ, ಹೊರಗ ಬರೂದು ಬ್ಯಾಡ. ಆದ್ರ ಜೀವದಿಂದ ಇರಲಿ. ನನಗ ಅವನ್ನ ಒಂದು ಮಾತು ಕೇಳೂದೈತಿ."

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಗಲ್ಲು ಕೇಳುವ ಮಾತು ಅಲ್ಲಿಗೇ ಬಿತ್ತು.

ಅತ್ತೆ ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟಳು. ಗಂಡನ ತಿಂದವನ್ನ ಉಳಿಸಿದಾಕಿ, ನಿನ್ನ ಕೈ ರೊಟ್ಟಿ ನನಗ ಬ್ಯಾಡ ಎಂದು ತಟ್ಟೆ ಸರಿಸಿದಳು. ಅದೇ ರೊಟ್ಟಿಯನ್ನು ನಾನು ಒಯ್ದು ಕೊಟ್ಟರೆ ತಿನ್ನುತ್ತಿದ್ದಳು. ದೇವರ ದಯೆ, ಬಡಿದವರ ಹೆಸರು ರೊಟ್ಟಿಯ ಮೇಲೆ ಇರುವುದಿಲ್ಲ. ನೆಗೆಣ್ಣಿ ಮಾತ್ರ ಒಂದು ದಿನವೂ ಎದುರಾಡಲಿಲ್ಲ, ತನ್ನ ಮಾತಿನಿಂದ ಹಿಂದೆ ಸರಿಯಲೂ ಇಲ್ಲ. ಅಷ್ಟು ಗಟ್ಟಿ ಮನಸ್ಸು ಆ ತೆಳ್ಳನೆ ಮೈಯಲ್ಲಿ ಎಲ್ಲಿ ಇತ್ತೋ ಎಂದು ನಾನು ಪೂಜೆಗೆ ಕೂತಾಗಲೂ ಯೋಚಿಸುತ್ತಿದ್ದೆ.

ಅವನಿಗೆ ಜೀವಾವಧಿ ಆಯಿತು. ನೆಗೆಣ್ಣಿ ಅವನ ಮನೆಯವರ ಮೂಲಕ ಹೇಳಿ ಕಳಿಸಿದಳು, ಒಂದು ಸಲ ಮುಖಕ್ಕೆ ಮುಖ ಕೊಡು ಎಂದು. ಮೊದಲು ಒಲ್ಲೆ ಅಂದ. ಯುಗಾದಿ ಆದ ಮೇಲೆ ತಾನೇ, ಬರಲಿ ಎಂದು ಹೇಳಿ ಕಳಿಸಿದ. ನೆಗೆಣ್ಣಿ, ಆಪಾ, ನಾನು, ಮೂವರೂ ಬಳ್ಳಾರಿ ಜೈಲಿಗೆ ಹೋದೆವು.

ಜಾಲರಿಯ ಆಚೆ ಅವನು ತಲೆ ತಗ್ಗಿಸಿ ನಿಂತಿದ್ದ. ನೆಗೆಣ್ಣಿ ಬೈಯಲಿಲ್ಲ, ಅಳಲಿಲ್ಲ. ನೀರು ಕೇಳಿದ್ರೇನು ಎಂದಷ್ಟೇ ಕೇಳಿದಳು.

"ಕೇಳಿದ್ನಕ್ಕಾ. ನಾ ಓಡಾಕತ್ತಿದ್ದೆ, ಹಿಂದಿಂದ ನೀರು ಅಂದ. ತಿರುಗಿ ಬಂದು ಕುಡಿಸಿದೆ. ಒಂದು ಗುಟುಕು ಒಳಗ ಹೋತು, ಉಳಿದಿದ್ದು ಹೊರಗ ಬಂತು. ಹೆದರಿ ಮತ್ತ ಓಡಿದೆ. ಅಲ್ಲಿದ್ದೆ ಅಂತ ಅಂದ್ಯೋ, ಗಲ್ಲು ಆಗ್ತದ ಅಂತ ನಮ್ಮವರು ಹೆದರಿಸಿದ್ರು."

ನೆಗೆಣ್ಣಿ ಕೂಡಲೇ ನಂಬುವ ಹೆಣ್ಣಲ್ಲ. ಯಾತರಾಗ ಕುಡಿಸಿದಿ ಎಂದಳು. ನಿಮ್ಮ ಕ್ಯಾನಿನಾಗ, ಮುಚ್ಚಳ ಇರಲಿಲ್ಲ, ಕಾಳು ಬಿಡಿಸಿದ ಮೆಕ್ಕಿಜೋಳದ ಬೆಂಡು ತುರುಕಿತ್ತು ಎಂದ ಅವನು. ಅದನ್ನು ಕೇಳಿ ಅವಳು ಜಾಲರಿ ಹಿಡಿದುಕೊಂಡಳು. ಅವತ್ತು ಬೆಳಿಗ್ಗೆ ಮುಚ್ಚಳ ಸಿಗದೆ ಆ ಬೆಂಡನ್ನು ತುರುಕಿ ಕಳಿಸಿದ್ದವಳು ಅವಳೇ. ಯಾರಿಗೂ ಹೇಳಿರಲಿಲ್ಲ, ನನಗೂ.

"ಅವರೊಬ್ರನ್ನ ಬಿಟ್ಟು ಓಡಿದಿ," ಎಂದಳು. "ಅದನ್ನ ನಾ ಮನ್ನಿಸಂಗಿಲ್ಲ. ನೀರು ಕೊಟ್ಟಿದ್ದಷ್ಟು ತಗೊಂಡು ಹೋಗ್ತೀನಿ."

ಹೊರಗೆ ಬೇವಿನ ಮರದ ಕೆಳಗೆ ಆಪಾ ತನ್ನ ಬಾಟಲಿ ಕೊಟ್ಟಳು. ನೆಗೆಣ್ಣಿ ನಿಲ್ಲಿಸದೆ ಕುಡಿದಳು. ಕುಡಿಯುತ್ತಲೇ ಇದ್ದಳು. ಕಡೆಗೆ ಆಪಾ, "ಏ ಯವ್ವಾ, ನಮಗೂ ಒಂದು ಗುಟುಕು ಬಿಡು, ಕೊಟ್ಟೂರು ಮುಟ್ಟಬೇಕು" ಅಂದಾಗ ಮೂವರೂ ನಕ್ಕೆವು. ನಗುತ್ತಲೇ ಅತ್ತೆವು. ಜೈಲಿನ ಬಾಗಿಲಲ್ಲಿ ನಕ್ಕವರು ನಾವೇ ಮೊದಲಿಗರೋ ಏನೋ, ಪೊಲೀಸಪ್ಪ ತಿರುತಿರುಗಿ ನೋಡಿದ.

ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಸಜ್ಜೆ ಹಸನು ಮಾಡುತ್ತಿದ್ದಳು. ಕೇಳದಿದ್ದರೂ ನೆಗೆಣ್ಣಿ ಎದುರಿಗೆ ಕೂತು ಎಲ್ಲ ಹೇಳಿದಳು. ಸುಳ್ಳು ಹೇಳ್ಯಾನ ಎಂದು ಅತ್ತೆ ಮೊರ ಕೇರಿದಳು. ಬೆಂಡಿನ ಮಾತು ಬಂದಾಗ ಮೊರ ನಿಂತಿತು.

ಮರುದಿನ ನಾವಿಬ್ಬರೂ ಒಲೆಯ ಮುಂದೆ ಇದ್ದಾಗ ಅತ್ತೆ ಬಂದು ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಎಷ್ಟೋ ತಿಂಗಳ ಮೇಲೆ ಸಣ್ಣ ಸೊಸೆಯ ಮುಖ ನೋಡಿ ಮಾತಾಡಿದಳು.

"ನೀರು ಕುಡಿಸುವಾಗ ನನ್ನ ಮಗನ ತಲಿ ಎಲ್ಲಿತ್ತಂತ? ತೊಡಿ ಮ್ಯಾಲೆ ಇಟ್ಕೊಂಡಿದ್ದನೋ, ನೆಲದ ಮ್ಯಾಲೆ ಬಿಟ್ಟಿದ್ದನೋ?"

"ಅದನ್ನ ಕೇಳಲಿಲ್ಲತ್ತಿ. ಮುಂದಿನ ಸಲ ಕೇಳಿಕೊಂಡು ಬರ್ತೀನಿ."

ಅತ್ತೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು.

"ನೀ ಮರೀತಿ. ನಾನ ಬಂದು ಕೇಳ್ತೀನಿ."