ಪನಾಮಾದ ಪದ್ಧತಿ

ಟಾರ್ಚಿಗೆ ಸೆಲ್ ಹುಡುಕುತ್ತ ಡ್ರಾಯರ್ ತಡಕುವಾಗ ಬೆಂಡಿನ ಗುಂಡೊಂದು ಕೈಗೆ ಸಿಕ್ಕಿತು, ಅದಕ್ಕೆ ಕಟ್ಟಿದ ಕಾರಿನ ಕೀ ಸಮೇತ. ನೀರಿಗೆ ಬಿದ್ದರೂ ಕೀ ಮುಳುಗಬಾರದೆಂದು ಹಡಗಿನವರು ಹೀಗೆ ಕಟ್ಟುತ್ತಾರಂತೆ. ಹೇಳಿದವರು ಪಕ್ಕದ ಮನೆಯ ಕ್ಯಾಪ್ಟನ್ ಅಂಕಲ್.

ನಾವು ಪರದೇಶದಲ್ಲಿ, ಮೌಂಟ್ ರಾಸ್ಕಿಲ್ ಎಂಬ ಬಡಾವಣೆಯಲ್ಲಿ ಬಾಡಿಗೆಗಿದ್ದ ಕಾಲ. ನಾನು ಆಸ್ಪತ್ರೆಯಲ್ಲಿ ನರ್ಸ್. ಮೈಸೂರಿನ ಈ ಅಂಕಲ್ ಸರಕು ಹಡಗುಗಳ ಕ್ಯಾಪ್ಟನ್ ಆಗಿದ್ದು ನಿವೃತ್ತರಾದವರು. ನೆನಪು ಕಳೆದುಕೊಂಡ ಆಂಟಿ ಊರಿನ ಇನ್ನೊಂದು ತುದಿಯ ಬಾಟನಿ ಡೌನ್ಸ್‌ನ ವೃದ್ಧರ ಆರೈಕೆ ಮನೆಯಲ್ಲಿದ್ದರು. ದಿನಾ ಮಧ್ಯಾಹ್ನ ಕಾರಿನಲ್ಲಿ ಹೋಗಿ ಅವರಿಗೆ ಮೊಸರನ್ನ ತಿನ್ನಿಸಿ ಬರುವುದೇ ಅಂಕಲ್‌ಗೆ ಬದುಕಾಗಿತ್ತು.

ಮಾತಿಗೆ ಕೂತರೆ ಪನಾಮಾ ಕಾಲುವೆ. ಫ್ರೆಂಚರು ಅಗೆಯಲು ಹೋಗಿ ಕೈಸುಟ್ಟುಕೊಂಡದ್ದು, ಜ್ವರಕ್ಕೆ ಸಾವಿರಾರು ಕೂಲಿಗಳು ಸತ್ತದ್ದು, ಅಮೆರಿಕದವರು ಮುಗಿಸಿ ತಾವೇ ಆಳಿದ್ದು, ಕೊನೆಗೆ ಪನಾಮಾದವರಿಗೇ ಬಿಟ್ಟುಕೊಟ್ಟದ್ದು... ನಾನು ಆಕಳಿಕೆ ನುಂಗಿಕೊಂಡು ಕೇಳುತ್ತಿದ್ದೆ. ಒಂದು ಮಾತಂತೂ ತಪ್ಪದೆ ಬರುತ್ತಿತ್ತು. "ಬೇರೆ ಬಂದರಲ್ಲಿ ಅಲ್ಲಿನ ಪೈಲಟ್ ಹಡಗು ಹತ್ತಿ ದಾರಿ ಹೇಳ್ತಾನೆ ಅಷ್ಟೇ, ಹಡಗು ನಮ್ದೇ. ಪನಾಮಾದಲ್ಲಿ ಹಂಗಲ್ಲಮ್ಮ. ಹಡಗನ್ನೇ ಅವನ ಕೈಗೆ ಕೊಡ್ಬೇಕು. ತಗೊಂಡ್ಮೇಲೆ ಆಚೆ ಸಮುದ್ರ ಮುಟ್ಸೋದು ಅವನ ಜವಾಬ್ದಾರಿ."

2016ರಲ್ಲಿ ದೊಡ್ಡ ಹಡಗುಗಳಿಗೆಂದು ಅಲ್ಲಿ ಹೊಸ ಲಾಕ್‌ಗಳು, ಅಂದರೆ ನೀರು ತುಂಬಿಸಿ ಹಡಗನ್ನು ಮೇಲೆತ್ತುವ ಕಟ್ಟೆಗಳು, ತೆರೆದವು. ನನ್ನ ಲ್ಯಾಪ್‌ಟಾಪಿನಲ್ಲಿ ಅದರ ವಿಡಿಯೊ ಹಾಕಿದೆ. ಅಂಕಲ್ ಹಿಗ್ಗಿ ಹೀರೇಕಾಯಿಯಾದರು. "ನೋಡಮ್ಮ, ಎರಡೂ ದಡದಲ್ಲಿ ರೈಲ್ ಇಂಜಿನ್‌ಗಳು ಹಗ್ಗ ಹಾಕಿ ಹೆಂಗೆ ಎಳೀತಿವೆ!"

ದಡದಲ್ಲಿ ಇಂಜಿನ್ನೇ ಇರಲಿಲ್ಲ. ಹೊಸ ಲಾಕ್‌ನಲ್ಲಿ ಹಡಗನ್ನು ಸಾಗಿಸುತ್ತಿದ್ದುದು ಹಿಂದೆ ಮುಂದೆ ಕಟ್ಟಿದ್ದ ಟಗ್ ದೋಣಿಗಳು. ಪರದೆ ಸರಿಯಾಗಿ ಕಾಣದೆ ಅಂಕಲ್ ನೋಡುತ್ತಿದ್ದುದು ನೆನಪಿನಲ್ಲಿದ್ದ ತಮ್ಮ ಕಾಲದ ಹಳೆಯ ಕಾಲುವೆಯನ್ನು. ಈ ಕಣ್ಣಿಟ್ಟುಕೊಂಡು ಇವರು ದಿನಾ ಮೋಟಾರ್‌ವೇಯಲ್ಲಿ ಕಾರು ಓಡಿಸುತ್ತಿದ್ದರು!

"ಕೀ ಕೊಡಿ ಅಂಕಲ್. ದಿನಾ ನಾನೇ ಕರ್ಕೊಂಡ್ ಹೋಗ್ತೀನಿ," ಎಂದೆ.

ಅಂಕಲ್ ಎದ್ದು, ಅಂಗಿಯ ಗುಂಡಿ ಹಾಕಿಕೊಂಡು, ನೆಟ್ಟಗೆ ನಿಂತು ಕೀ ಕೊಟ್ಟರು. "ಪೈಲಟ್ ಬಂದಾಯ್ತು. ಇನ್ನು ಹಡಗು ನಿಂದು."

ಎರಡು ವಾರ ಕರೆದುಕೊಂಡು ಹೋದೆ. ಆಮೇಲೆ ಡ್ಯೂಟಿ ಬದಲಾಯಿತು, ಮಗಳಿಗೆ ಹುಷಾರಿಲ್ಲದಾಯಿತು, ಕೆಲವು ದಿನ ಬರೀ ಸೋಮಾರಿತನ. "ನಾಳೆ ಹೋಗೋಣ ಅಂಕಲ್" ಎನ್ನುವುದು ರೂಢಿಯಾಯಿತು. ಅವರಿಗೆ ಬಸ್ಸಿನ ನಂಬರು ಕಾಣುತ್ತಿರಲಿಲ್ಲ. ಮೊಸರನ್ನದ ಡಬ್ಬಿ ಹಿಡಿದು ಗೇಟಿನ ಬಳಿ ನಿಂತಿರುತ್ತಿದ್ದರು... ನಾನು ಹಾಗೆ ನಾಳೆ ಎಂದ ಒಂದು ಮಧ್ಯಾಹ್ನವೇ ಆಂಟಿ ತೀರಿಕೊಂಡರು.

ಅಂಕಲ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಿಂಗಳ ಮೇಲೆ ಕಾರು ಕೊಳ್ಳಲು ಯಾರೋ ಬಂದಾಗ ನಾನು ಕೀ ಹಿಡಿದು ಓಡಿದೆ. ಅಷ್ಟರಲ್ಲಿ ಅಂಕಲ್ ಒಳಗಿನಿಂದ ಇನ್ನೊಂದು ಕೀ ತಂದುಕೊಟ್ಟಾಗಿತ್ತು. ಅಷ್ಟು ದಿನವೂ ಅದು ಅವರ ಹತ್ತಿರವೇ ಇತ್ತು. ಹಡಗು ನನ್ನದೆಂದು ಹೇಳಿದ ಮೇಲೆ ಅವರು ಅದನ್ನು ಮುಟ್ಟಿರಲಿಲ್ಲ.

ಈಗ ಅಂಕಲ್ ಕೂಡ ಇಲ್ಲ. ಸೆಲ್ ಸಿಗಲಿಲ್ಲ. ಕೀಯನ್ನು ಮತ್ತೆ ಡ್ರಾಯರಿನಲ್ಲೇ ಇಟ್ಟೆ. ಅದನ್ನು ಕೇಳಿ ಪಡೆದವಳು ನಾನೇ, ಆಚೆ ಮುಟ್ಟಿಸಲಿಲ್ಲ.